ನಡೆಯದ ಯುದ್ಧಗಳ ಲೆಕ್ಕ

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಇಂದಿಗೂ ನಿಂತಿದೆ. ಅದರೊಡನೆ ಹೆಸರು ಉಳಿಸಿಕೊಂಡಿರುವ ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ 1841ರಿಂದ 1853ರವರೆಗೆ ಬೇಡ ನಾಯಕರ ಈ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು. ದೊರೆ ರಾಜಾ ವೆಂಕಟಪ್ಪ ನಾಯಕನು ಆಗಿನ್ನೂ ಬಾಲಕ. ಟೇಲರನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನಂತೆ. 1853ರಲ್ಲಿ ಅಧಿಕಾರವು ದೊರೆಯ ಕೈಸೇರಿತು. ಐದು ವರ್ಷ ಕಳೆಯುವಷ್ಟರಲ್ಲಿ, 1858ರ ಫೆಬ್ರವರಿಯಲ್ಲಿ, ಸುರಪುರದ ಬಳಿ ಬಿಡಾರ ಮಾಡಿದ್ದ ಆಂಗ್ಲ ಸೈನ್ಯದ ಮೇಲೆ ರಾತ್ರಿಯಲ್ಲಿ ಬೇಡರ ಪಡೆ ಎರಗಿತು. ಬೆಳಗಾದ ಮೇಲಿನ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬವನು ಮಡಿದನು.

ಹೆಚ್ಚಿನ ಸೈನ್ಯ ಬಂದೊದಗಿದಾಗ ದೊರೆ ಊರು ಬಿಟ್ಟು ಹೈದರಾಬಾದನ್ನು ಸೇರಿ, ಅಲ್ಲಿ ಸೆರೆಸಿಕ್ಕನು. ವಿಚಾರಣೆಯಲ್ಲಿ ವಿಧಿಸಿದ ಮರಣದಂಡನೆ ಆಜೀವ ಗಡೀಪಾರಾಯಿತು. ಅದೂ ಇಳಿದು ನಾಲ್ಕು ವರ್ಷಗಳ ಸೆರೆವಾಸವಾಯಿತು. ಮದರಾಸಿನ ಬಳಿಯ ಚೆಂಗಲ್‌ಪಟ್ಟಿನ ಕೋಟೆಗೆ ಕರೆದೊಯ್ಯುತ್ತಿದ್ದಾಗ ನಡುದಾರಿಯ ಬಿಡಾರದಲ್ಲಿ ಒಂದು ಗುಂಡಿನ ಸದ್ದು ಕೇಳಿಸಿತು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ದೊರೆ ತಾನೇ ಹೊಡೆದುಕೊಂಡನೆಂದು ಸರಕಾರದ ದಾಖಲೆ. ಈ ಮಾತನ್ನು ನಂಬದವರು ಸುರಪುರದ ಸೀಮೆಯಲ್ಲಿ ಇಂದಿಗೂ ಉಂಟು. ಈತ ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟುವುದಿಲ್ಲವೆಂದು ಜಾತಕದಲ್ಲಿ ಬರೆದಿದ್ದಿತೆಂಬ ಸಂಗತಿಯನ್ನು ಟೇಲರನು ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು.

ಈ ಕಥೆಯನ್ನು ಲಾವಣಿಕಾರನೂ ನಾಟಕಕಾರನೂ ಹೇಳುವ ಬಗೆ ಒಂದು. ಸಂಖ್ಯಾಶಾಸ್ತ್ರಜ್ಞನು ಬರೆದುಕೊಳ್ಳುವ ಬಗೆ ಮತ್ತೊಂದು. ಅವನ ಕಾಗದದಲ್ಲಿ ಜಾತಕಕ್ಕೆ ಸ್ಥಳವಿಲ್ಲ, ದೊರೆಯ ವಯಸ್ಸಿಗೂ ಇಲ್ಲ. ಎಲ್ಲಿ, ಯಾವ ವರ್ಷ, ಯಾರು ಯಾರ ಮೇಲೆ, ಎಷ್ಟು ಜನ ಸತ್ತರು ಎಂಬ ನಾಲ್ಕು ಮನೆಗಳನ್ನು ತುಂಬಿ ಅವನು ಮುಂದಿನ ಸಾಲಿಗೆ ಹೋಗುತ್ತಾನೆ. ಜಗತ್ತಿನ ಕದನಗಳನ್ನೆಲ್ಲ ಹೀಗೆ ಸಾಲುಸಾಲಾಗಿ ಬರೆದಿಟ್ಟು, ಅಂತರ್ಯುದ್ಧ ಎಲ್ಲಿ ಹುಟ್ಟುತ್ತದೆ, ಭಯೋತ್ಪಾದನೆ ಎಲ್ಲಿ ಬೇರೂರುತ್ತದೆ, ಪ್ರಜಾಪ್ರಭುತ್ವ ಹೇಗೆ ಹಬ್ಬುತ್ತದೆ ಎಂದು ಅಂಕಿಗಳಿಂದ ತಿಳಿಯಲು ಹೊರಟ ವಿದ್ವಾಂಸರ ಬಳಗವೊಂದು ಈಗ ಬಹು ದೊಡ್ಡದಾಗಿ ಬೆಳೆದಿದೆ. ಅವರ ಕೋಷ್ಟಕಗಳಲ್ಲಿ ಯಾದಗಿರಿ, ಶಹಾಪುರ, ಸುರಪುರಗಳಂಥ ಊರುಗಳಿಗೆ ದೊರೆಯುವ ಸ್ಥಾನವೇನೆಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಬಡತನವೂ ಅವಿದ್ಯೆಯೂ ಇರುವ ಸೀಮೆಯ ಜನರನ್ನು 'ಅಪಾಯಕಾರಿಗಳು' ಎಂದು ಕರೆಯಲು ಈ ಬಗೆಯ ಅಂಕಿಗಳನ್ನು ಎಷ್ಟೋ ವೇಳೆ ಸಾಕ್ಷಿಗೆ ತರುವುದುಂಟು.

ಹವೆಯ ಲೆಕ್ಕದಿಂದ ಹಗೆಯ ಲೆಕ್ಕಕ್ಕೆ

ಈ ಶಾಸ್ತ್ರದ ಮೂಲಪುರುಷನೆಂದರೆ ಲೂಯಿಸ್ ಫ್ರೈ ರಿಚರ್ಡ್‌ಸನ್. 1881ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈತ ಕ್ವೇಕರ್ ಪಂಥದವನು. ಆಯುಧ ಹಿಡಿಯುವುದು ಆ ಪಂಥಕ್ಕೆ ನಿಷಿದ್ಧ. ಮೊದಲನೆಯ ಮಹಾಯುದ್ಧದಲ್ಲಿ ಕೋವಿಯ ಬದಲು ಗಾಯಾಳುಗಳ ಗಾಡಿಯನ್ನು ನಡೆಸಿದನು. ನಾಳಿನ ಹವೆಯನ್ನು ಗಣಿತದಿಂದ ಮುಂಚೆಯೇ ಹೇಳಬಹುದೆಂದು ತೋರಿಸಿಕೊಟ್ಟ ಮೊದಲಿಗನೂ ಇವನೇ. ಹವಾಮಾನ ಇಲಾಖೆಯನ್ನು 1920ರಲ್ಲಿ ವಾಯುಸೇನೆಯ ಸಚಿವಾಲಯಕ್ಕೆ ಸೇರಿಸಿದಾಗ, ತನ್ನ ವಿದ್ಯೆ ಯುದ್ಧಕ್ಕೆ ಊಳಿಗ ಮಾಡಬಾರದೆಂದು ಕೆಲಸವನ್ನೇ ಬಿಟ್ಟನು. ಆಮೇಲೆ ಬಾಳಿನ ಬಹುಭಾಗವನ್ನು ಯುದ್ಧಗಳ ಎಣಿಕೆಗೇ ಮುಡಿಪಾಗಿಟ್ಟನು. 1953ರಲ್ಲಿ ತೀರಿಕೊಂಡನು, 'ಮಾರಕ ಕಲಹಗಳ ಸಂಖ್ಯಾಶಾಸ್ತ್ರ' ಎಂಬ ಅವನ ಗ್ರಂಥ ಅಚ್ಚಾದುದು 1960ರಲ್ಲಿ.

ರಿಚರ್ಡ್‌ಸನ್ ಒಂದು ಅಳತೆಗೋಲನ್ನು ಮಾಡಿಕೊಂಡನು. ಒಬ್ಬನ ಕೊಲೆಯಾದರೆ ಆ ಕಲಹದ ಪ್ರಮಾಣ ಸೊನ್ನೆ, ಹತ್ತು ಜನ ಸತ್ತರೆ ಒಂದು, ನೂರಾದರೆ ಎರಡು, ಸಾವಿರವಾದರೆ ಮೂರು. ಎರಡನೆಯ ಮಹಾಯುದ್ಧ ಏಳನ್ನು ದಾಟುತ್ತದೆ. ಬೀದಿಯ ಕೊಲೆಯನ್ನೂ ಮಹಾಯುದ್ಧವನ್ನೂ ಒಂದೇ ಕೋಲಿನ ಮೇಲೆ ನಿಲ್ಲಿಸುವುದು ಕೇಳುವವರಿಗೆ ಒರಟೆನಿಸಬಹುದು. ಆದರೆ ಒಂದು ಅನುಕೂಲವುಂಟು: ಸತ್ತವರ ಸಂಖ್ಯೆ ಖಚಿತವಾಗಿ ತಿಳಿಯದಿದ್ದರೂ ಅಳತೆ ಬಹಳ ತಪ್ಪುವುದಿಲ್ಲ. ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೇನೆಂಬುದು ಹಳೆಯ ಗುಲ್ಬರ್ಗ ಜಿಲ್ಲೆಯ ಜನರಿಗೆ ಚೆನ್ನಾಗಿ ಅರಿವಾಗತಕ್ಕದ್ದು.

1948ರ ಸಾಲು

ಯಾದಗಿರಿ, ಶಹಾಪುರ, ಸುರಪುರ ಮೂರೂ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗ ಜಿಲ್ಲೆಗೆ ಸೇರಿದ್ದುವು. ದೇಶ ಸ್ವತಂತ್ರವಾದರೂ ನಿಜಾಮನು ಒಕ್ಕೂಟಕ್ಕೆ ಸೇರಲಿಲ್ಲ. 1947ರ ನವೆಂಬರಿನಲ್ಲಿ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ಅವಧಿಯಲ್ಲಿ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಲ್ಲಿ ನಡೆಸಿದ ಕೊಲೆ, ಸುಲಿಗೆಗಳು ಹೇಳತೀರದುವು. ಬೀದರ ಜಿಲ್ಲೆಯ ಗೋರ್ಟಾದ ಹತ್ಯಾಕಾಂಡವನ್ನು ಕಲ್ಯಾಣ ಕರ್ನಾಟಕದ ಮನೆಮನೆಗಳಲ್ಲಿ ಇಂದಿಗೂ ನೆನೆಯುತ್ತಾರೆ. ಗಡಿಯಾಚೆ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರಗಳನ್ನು ಹೂಡಿ ತರುಣರು ಒಳನಾಡಿಗೆ ನುಗ್ಗಿ ಹೋರಾಡಿದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. 17ರಂದು ನಿಜಾಮನು ಶರಣಾದನು. ಸರಕಾರವು ಇದನ್ನು 'ಪೋಲೀಸ್ ಕಾರ್ಯಾಚರಣೆ' ಎಂದು ಕರೆಯಿತು.

ಸ್ವೀಡನ್ನಿನ ಉಪ್ಸಲ ವಿಶ್ವವಿದ್ಯಾಲಯ ಮತ್ತು ನಾರ್ವೆಯ ಓಸ್ಲೋ ನಗರದ ಶಾಂತಿ ಸಂಶೋಧನಾಲಯಗಳು ಸೇರಿ ಇಟ್ಟಿರುವ ಸಂಘರ್ಷಗಳ ಪಟ್ಟಿ 1946ರಿಂದ ಮೊದಲಾಗುತ್ತದೆ. ಒಂದು ವರ್ಷದಲ್ಲಿ ಕಾಳಗದಿಂದ 25 ಜನರಾದರೂ ಸತ್ತಿದ್ದರೆ ಅದಕ್ಕೊಂದು ಸಾಲು. ಆ ಪಟ್ಟಿಯಲ್ಲಿ ಹೈದರಾಬಾದಿನ ಹೆಸರಿದೆ, ಆದರೆ ಅಂತರ್ಯುದ್ಧವಾಗಿ ಅಲ್ಲ. ಎರಡು ರಾಜ್ಯಶಕ್ತಿಗಳ ನಡುವಣ ಸಂಘರ್ಷವಾಗಿ! ದೆಹಲಿ ಯಾವುದನ್ನು ಪೋಲೀಸರ ಕೆಲಸವೆಂದಿತೋ ಅದು ಉಪ್ಸಲದ ಲೆಕ್ಕಿಗನಿಗೆ ಎರಡು ದೇಶಗಳ ಯುದ್ಧ. ಹೆಸರಿಡುವವನ ಕೈಯಲ್ಲಿ ಎಷ್ಟೊಂದು ಇದೆ ನೋಡಿ.

ಆ ಐದು ದಿನಗಳ ಕದನಕ್ಕಿಂತ ಘೋರವಾದುದು ಅದರ ಹಿಂದುಮುಂದೆ ನಡೆದುದು. ಸೈನ್ಯ ಬಂದ ಬಳಿಕ ಸೇಡಿನ ಕಿಚ್ಚು ನಿರಪರಾಧಿಗಳಾದ ಮುಸ್ಲಿಮರ ಮೇಲೆ ತಿರುಗಿತು. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್ ಅವರ ನೇತೃತ್ವದಲ್ಲಿ ಒಂದು ಸಮಿತಿಯನ್ನು ಕಳುಹಿಸಿದರು. ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ನ್ನು ಸುತ್ತಿಬಂದ ಸಮಿತಿಯ ಅಂದಾಜಿನಲ್ಲಿ, ಕಾರ್ಯಾಚರಣೆಯ ಕಾಲದಲ್ಲಿಯೂ ಅನಂತರವೂ ಪ್ರಾಣ ಕಳೆದುಕೊಂಡವರು 27,000ದಿಂದ 40,000. ಎಲ್ಲಕ್ಕೂ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ್, ಗುಲ್ಬರ್ಗ, ಬೀದರ, ನಾಂದೇಡ. ಈ ನಾಲ್ಕರಲ್ಲಿಯೇ ಸತ್ತವರು 18,000ಕ್ಕೆ ಕಡಿಮೆಯಿಲ್ಲವೆಂದು ಸಮಿತಿ ಬರೆಯಿತು. ಆ ವರದಿ ಸಾರ್ವಜನಿಕರ ಕಣ್ಣಿಗೆ ಬೀಳಲು 2013ರವರೆಗೆ ಕಾಯಬೇಕಾಯಿತು.

ರಿಚರ್ಡ್‌ಸನ್ನನ ಕೋಲಿನ ಮೇಲೆ 27,000 ಎಂದರೆ 4.4, 40,000 ಎಂದರೆ 4.6. ಎರಡರ ನಡುವೆ ಕೂದಲೆಳೆಯ ಅಂತರ. ಹದಿಮೂರು ಸಾವಿರ ಜನ ಇದ್ದರೇ ಇಲ್ಲವೇ ಎಂಬ ಪ್ರಶ್ನೆ ಆ ಅಂತರದಲ್ಲಿ ಅಡಗಿಹೋಗುತ್ತದೆ. ಶಾಸ್ತ್ರಕ್ಕೆ ಅದು ಸಾಕು. ತಂದೆಯ ಹೆಸರನ್ನು ಆ ಹದಿಮೂರು ಸಾವಿರದಲ್ಲಿ ಹುಡುಕುವ ಮಗನಿಗೆ ಸಾಲದು. ಇದಲ್ಲದೆ, ಉಪ್ಸಲದ ಪಟ್ಟಿ ಕಾಳಗದಲ್ಲಿ ಸತ್ತವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ನಿರಾಯುಧರ ಕೊಲೆಗೆ ಬೇರೆ ಪಟ್ಟಿಯೇ ಉಂಟು. ಅದು ಶುರುವಾಗುವುದು 1989ರಿಂದ. ಭಾರತದ ಹಿಂದೂ-ಮುಸ್ಲಿಂ ಗಲಭೆಗಳನ್ನು ಅಶುತೋಷ್ ವಾರ್ಷ್ಣೇಯ ಮತ್ತು ಸ್ಟೀವನ್ ವಿಲ್ಕಿನ್‌ಸನ್ ಎಂಬ ಇಬ್ಬರು ವಿದ್ವಾಂಸರು ವೃತ್ತಪತ್ರಿಕೆಯ ವರದಿಗಳಿಂದ ದಿನದಿನವೂ ಆರಿಸಿ ಕೂಡಿಸಿದ್ದಾರೆ. ಸತ್ತವರಲ್ಲಿ ನೂರಕ್ಕೆ ನಾಲ್ಕರಷ್ಟೂ ಹಳ್ಳಿಯವರಲ್ಲ, ಎಂಟು ಮಹಾನಗರಗಳಲ್ಲಿಯೇ ಅರ್ಧಕ್ಕೆ ಸಮೀಪ ಸಾವುಗಳಾಗಿವೆ ಎಂಬುದು ಅವರು ಕಂಡುಕೊಂಡ ಬೆರಗಿನ ಸಂಗತಿ. ಭಾರತದ ಹಳ್ಳಿ ಶಾಂತವೆಂದು ಇದರಿಂದ ಹೇಳಬಹುದಲ್ಲವೆ? ಹೇಳಬಹುದು. ಆದರೆ ಆ ಲೆಕ್ಕದ ಮೊದಲ ಪುಟ 1950. ಗುಲ್ಬರ್ಗ, ಬೀದರಗಳ ಹಳ್ಳಿಗಳು ಉರಿದುದು ಅದಕ್ಕೆ ಎರಡು ವರ್ಷ ಮುಂಚೆ.

ಸುರಪುರ ಸೀಮೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ನಡೆದುಬರುವ ಸಂಪ್ರದಾಯವಿದೆ. ಅಂಥದನ್ನು ಬರೆದುಕೊಳ್ಳಲು ಯಾವ ಪಟ್ಟಿಯಲ್ಲಿಯೂ ಮನೆಯಿಲ್ಲ.

ಬಡತನ ಮತ್ತು ಬಾಂಬು

ನಡೆದ ಯುದ್ಧಗಳನ್ನು ಮಾತ್ರ ಎಣಿಸಿದರೆ ಕಾರಣ ತಿಳಿಯುವುದಿಲ್ಲ. ಸತ್ತ ರೋಗಿಗಳನ್ನಷ್ಟೇ ನೋಡುವ ವೈದ್ಯನಿಗೆ ರೋಗದ ಮೂಲ ಸಿಕ್ಕೀತೆ? ಬದುಕುಳಿದವರನ್ನೂ, ರೋಗವೇ ಬಾರದವರನ್ನೂ ನೋಡಬೇಕು. ಅಮೆರಿಕದ ಜೇಮ್ಸ್ ಫಿಯರನ್ ಮತ್ತು ಡೇವಿಡ್ ಲೇಟಿನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಹಿರಿಮೆ ಇರುವುದು ಇಲ್ಲಿಯೇ. 161 ದೇಶಗಳನ್ನು ತೆಗೆದುಕೊಂಡು, ಒಂದೊಂದು ದೇಶದ ಒಂದೊಂದು ವರ್ಷಕ್ಕೂ ಒಂದೊಂದು ಸಾಲು ಹಾಕಿದರು; ಆರು ಸಾವಿರಕ್ಕೂ ಮಿಕ್ಕಿ ಸಾಲುಗಳಾದುವು. 1945ರಿಂದ 1999ರವರೆಗೆ ಅವರ ಎಣಿಕೆಗೆ ಸಿಕ್ಕ ಅಂತರ್ಯುದ್ಧಗಳು 127. ಅವುಗಳಿಗೆ ಬಲಿಯಾದವರು ಕಡಿಮೆಯೆಂದರೂ ಒಂದು ಕೋಟಿ ಅರವತ್ತೆರಡು ಲಕ್ಷ. ಅದೇ ಅವಧಿಯಲ್ಲಿ ದೇಶ ದೇಶಗಳ ನಡುವೆ ನಡೆದ 25 ಯುದ್ಧಗಳಲ್ಲಿ ಸತ್ತವರು ಮೂವತ್ತಮೂರು ಲಕ್ಷ. ಪರರಾಜರಿಗಿಂತ ಮನೆಯ ಜಗಳವೇ ಐದು ಪಾಲು ಹೆಚ್ಚು ಮಾರಕವಾಯಿತೆಂದಂತಾಯಿತು. ಆದರೂ ಆ ಆರು ಸಾವಿರ ಸಾಲುಗಳಲ್ಲಿ ಯುದ್ಧ ಮೊದಲಾದ ಸಾಲುಗಳು ನೂರಕ್ಕೆ ಎರಡರಷ್ಟಿಲ್ಲ. ಮಿಕ್ಕವೆಲ್ಲ ನಡೆಯದ ಯುದ್ಧಗಳ ಸಾಲುಗಳು.

ಅವರಿಗೆ ಸಿಕ್ಕ ಉತ್ತರ ಎಲ್ಲರ ಎಣಿಕೆಯನ್ನೂ ಬುಡಮೇಲು ಮಾಡಿತು. ಒಂದು ದೇಶದಲ್ಲಿ ಹಲವು ಮತ, ಹಲವು ಭಾಷೆಗಳಿದ್ದ ಮಾತ್ರಕ್ಕೆ ಅಂತರ್ಯುದ್ಧದ ಸಂಭವ ಹೆಚ್ಚುವುದಿಲ್ಲ. ಹೆಚ್ಚುವುದು ಬಡತನದಿಂದ, ಅದರಲ್ಲಿಯೂ ಸರಕಾರದ ಕೈ ಹಳ್ಳಿಯವರೆಗೆ ಚಾಚದ ಬಡತನದಿಂದ, ಅಡಗುವುದಕ್ಕೆ ಬೆಟ್ಟಗಾಡಿರುವುದರಿಂದ, ಆಡಳಿತದ ಅಸ್ಥಿರತೆಯಿಂದ. ಕನ್ನಡ, ಉರ್ದು, ತೆಲುಗು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಯಾದಗಿರಿಗೆ ಇದು ಸಮಾಧಾನದ ಸಂಗತಿಯೇ ಸರಿ. ಆದರೆ ಬಡತನದ ಮಾತು ಬಂದಾಗ? 2009ರ ಡಿಸೆಂಬರಿನಲ್ಲಿ ಗುಲ್ಬರ್ಗದಿಂದ ಬೇರ್ಪಟ್ಟು ರಾಜ್ಯದ 30ನೆಯ ಜಿಲ್ಲೆಯಾದ ಯಾದಗಿರಿಯ ಸಾಕ್ಷರತೆ 2011ರ ಜನಗಣತಿಯಲ್ಲಿ ನೂರಕ್ಕೆ 52ರಷ್ಟಿತ್ತು. ರಾಜ್ಯದ ಸರಾಸರಿ 75. ಅಂದು ಕರ್ನಾಟಕದಲ್ಲಿ ಅದಕ್ಕಿಂತ ಹಿಂದಿನ ಜಿಲ್ಲೆ ಇರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಂತರ್ಯುದ್ಧ ಬೇರೆ, ಭಯೋತ್ಪಾದನೆ ಬೇರೆ. ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಮತ್ತು ಯಿಟ್ಕಾ ಮಲೆಚ್ಕೋವಾ 2003ರಲ್ಲಿ ತೋರಿಸಿದಂತೆ, ಬಾಂಬು ಹಿಡಿಯುವವನು ತನ್ನ ನಾಡಿನ ಸಾಮಾನ್ಯರಿಗಿಂತ ಬಡವನೂ ಅಲ್ಲ, ಓದದವನೂ ಅಲ್ಲ. ಎಷ್ಟೋ ವೇಳೆ ಹೆಚ್ಚು ಓದಿದವನು. ಬಡವರ ಕೇರಿಯಿಂದಲೇ ಭಯೋತ್ಪಾದಕ ಹೊರಡುತ್ತಾನೆಂಬ ನಗರವಾಸಿಗಳ ನಂಬಿಕೆಗೆ ಅಂಕಿಗಳ ಆಧಾರವಿಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯವು 1970ರಿಂದೀಚಿನ ಎರಡು ಲಕ್ಷಕ್ಕೂ ಹೆಚ್ಚು ಘಟನೆಗಳನ್ನು ಒಂದೆಡೆ ಸೇರಿಸಿದೆ. (1993ರ ಘಟನೆಗಳು ಮಾತ್ರ ಅದರಲ್ಲಿಲ್ಲ, ಮೊದಲು ಮಾಹಿತಿ ಕೂಡಿಸುತ್ತಿದ್ದ ಸಂಸ್ಥೆ ಕಚೇರಿ ಬದಲಿಸುವಾಗ ಆ ವರ್ಷದ ಚೀಟಿಗಳು ಕಳೆದುಹೋದುವು. ಮನೆ ಬದಲಿಸಿದವರಿಗೆಲ್ಲ ಇದು ಅರ್ಥವಾದೀತು.)

ಮಳೆ, ಕಾಲುವೆ, ಕೂಲಿ

ಹಾಗಾದರೆ ಸಗರನಾಡೆಂದು ಹೆಸರಾದ ಈ ಬಡ ಸೀಮೆಯಲ್ಲಿ, ಕಲ್ಲುಗುಡ್ಡಗಳೂ ಹಳೆಯ ಬಂಡಾಯದ ನೆನಪೂ ಇರುವಲ್ಲಿ, ಅಂತರ್ಯುದ್ಧವೆನ್ನಬಹುದಾದ ಹೋರಾಟ ಯಾಕೆ ಹುಟ್ಟಲಿಲ್ಲ? ಪ್ರಶ್ನೆ ಸುಮ್ಮನೆ ಎತ್ತಿದುದಲ್ಲ. ದೇಶೀಯ ಅರಸರ ಮೂಲಕ ಪರೋಕ್ಷವಾಗಿ ಆಳಿದ ಪ್ರದೇಶಗಳಲ್ಲಿ ಸರಕಾರ ದುರ್ಬಲವಾಗಿ ಉಳಿದು, ಮುಂದೆ ಅಲ್ಲಿಯೇ ಮಾವೋವಾದಿ ಬಂಡಾಯ ಬೇರೂರಿತೆಂದು ಶಿವಾಜಿ ಮುಖರ್ಜಿ ಎಂಬ ವಿದ್ವಾಂಸರು 2021ರ ಗ್ರಂಥದಲ್ಲಿ ವಾದಿಸಿದ್ದಾರೆ. ನಿಜಾಮನ ರಾಜ್ಯ ಅವರ ಮುಖ್ಯ ಉದಾಹರಣೆಗಳಲ್ಲೊಂದು. ತೆಲಂಗಾಣದ ಮಟ್ಟಿಗೆ ಆ ಮಾತು ಹೊಂದುತ್ತದೆ. ಅದೇ ನಿಜಾಮನ ಕೈಕೆಳಗಿದ್ದ ಯಾದಗಿರಿಗೆ ಹೊಂದುವುದಿಲ್ಲ. ಕರ್ನಾಟಕದಲ್ಲಿ ನಕ್ಸಲೀಯರ ಹೆಸರು ಹೆಚ್ಚು ಕೇಳಿಬಂದುದು ಮಲೆನಾಡಿನಲ್ಲಿ. ಅಲ್ಲಿ ಓದುಬರಹಕ್ಕೆ ಕೊರತೆಯಿಲ್ಲ, ಕಾಡು ಮಾತ್ರ ದಟ್ಟ.

ಆಫ್ರಿಕದ 41 ದೇಶಗಳ ಮಳೆಯ ಲೆಕ್ಕವನ್ನು ಹಿಡಿದು ಎಡ್ವರ್ಡ್ ಮಿಗೆಲ್, ಶಂಕರ್ ಸತ್ಯನಾಥ್, ಅರ್ನೆಸ್ಟ್ ಸೆರ್ಜೆಂಟಿ ಎಂಬ ಮೂವರು 2004ರಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಿದರು. ಮಳೆ ಕೈಕೊಟ್ಟು ದೇಶದ ಆದಾಯದ ಬೆಳವಣಿಗೆ ನೂರಕ್ಕೆ ಐದರಷ್ಟು ಕುಸಿದರೆ, ಮರುವರ್ಷ ಅಂತರ್ಯುದ್ಧದ ಸಂಭವ ಇದ್ದುದಕ್ಕಿಂತ ಅರ್ಧಪಾಲು ಹೆಚ್ಚುತ್ತದೆ. ಜಗಳದಿಂದ ಬಡತನ ಬಂದಿತೋ, ಬಡತನದಿಂದ ಜಗಳವೋ ಎಂಬ ಹಳೆಯ ತೊಡಕನ್ನು ಬಿಡಿಸಲು ಅವರು ಮಳೆಯನ್ನು ಆರಿಸಿದುದು ಜಾಣತನ. ಏಕೆಂದರೆ ಯಾರ ಜಗಳದಿಂದಲೂ ಮಳೆ ನಿಲ್ಲುವುದಿಲ್ಲ. ಭಾರತದ ಅಂಕಿಗಳನ್ನು ಹಿಡಿದು ಥೀಮೋ ಫೆಟ್ಜರ್ ಎಂಬವರು ಇದೇ ಎಳೆಯನ್ನು ಮುಂದುವರಿಸಿದರು. 2005ರ ಕಾಯಿದೆಯ ಮೂಲಕ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ ಜಾರಿಗೆ ಬಂದ ಜಿಲ್ಲೆಗಳಲ್ಲಿ, ಮಳೆಯ ವೈಫಲ್ಯಕ್ಕೂ ಹಿಂಸೆಗೂ ಇದ್ದ ನಂಟು ಸಡಿಲವಾಯಿತೆಂದು ಅವರು ಕಂಡರು. ಆ ಯೋಜನೆ 2006ರಲ್ಲಿ ದೇಶದ 200 ಜಿಲ್ಲೆಗಳಲ್ಲಿ ಮೊದಲಾದಾಗ ಕರ್ನಾಟಕದಿಂದ ಸೇರಿದ್ದುವು ಐದು. ಯಾದಗಿರಿಯನ್ನೊಳಗೊಂಡಿದ್ದ ಗುಲ್ಬರ್ಗ ಅವುಗಳಲ್ಲೊಂದು.

ಶಹಾಪುರ, ಸುರಪುರಗಳ ರೈತನಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಹರಿದ ಕಡೆ ಒಂದು ಕಾಲದ ಜೋಳದ ಹೊಲಗಳಲ್ಲಿ ಇಂದು ಭತ್ತ ತೂಗುತ್ತಿದೆ. ನೀರು ಕಾಣದ ಊರುಗಳವರು ಗುಳೆ ಹೋಗುತ್ತಾರೆ. ಮೂಟೆ ಕಟ್ಟಿಕೊಂಡು ಹೆಂಡಿರು ಮಕ್ಕಳೊಡನೆ ಬೆಂಗಳೂರಿಗೋ ಮುಂಬಯಿಗೋ ಪುಣೆಗೋ. ನಗರದ ಮಹಲುಗಳ ಇಟ್ಟಿಗೆ ಹೊರುವವರಲ್ಲಿ ಇವರೂ ಇದ್ದಾರೆ. ಗುಡ್ಡ ಹತ್ತುವ ಬದಲು ಬಸ್ಸು ಹತ್ತಿದ ಈ ಜನರನ್ನು ಶಾಂತಿಯ ಲೆಕ್ಕದಲ್ಲಿ ಹಿಡಿಯಬೇಕೆ, ದುಃಖದ ಲೆಕ್ಕದಲ್ಲಿಯೇ? ಕೋಷ್ಟಕದಲ್ಲಿ ಬೀಳುವುದು ಸೊನ್ನೆ. ಆ ಸೊನ್ನೆ ತೃಪ್ತಿಯ ಗುರುತೆಂದು ತಿಳಿಯುವುದು ಮಾತ್ರ ದೊಡ್ಡ ತಪ್ಪು.

ಅರೆತೆರೆದ ಬಾಗಿಲು

ಇನ್ನು ಪ್ರಜಾಪ್ರಭುತ್ವದ ಮಾತು. ಹಾವರ್ಡ್ ಹೆಗ್ರೆ ಮತ್ತು ಸಂಗಡಿಗರು 1816ರಿಂದ 1992ರವರೆಗಿನ ಅಂಕಿಗಳನ್ನು ಜಾಲಿಸಿ 2001ರಲ್ಲಿ ಹೇಳಿದುದಿಷ್ಟು: ಬಿಗಿಯಾದ ಸರ್ವಾಧಿಕಾರದಲ್ಲಿ ಅಂತರ್ಯುದ್ಧ ಕಡಿಮೆ, ನೆಲೆಯೂರಿದ ಪ್ರಜಾಪ್ರಭುತ್ವದಲ್ಲಿಯೂ ಕಡಿಮೆ, ಎರಡರ ನಡುವೆ, ಬಾಗಿಲು ಅರ್ಧ ತೆರೆದಿರುವಾಗ ಹೆಚ್ಚು. ನಿಜಾಮನ ರಾಜ್ಯ ಇದಕ್ಕೆ ಬರೆದಿಟ್ಟಂಥ ಉದಾಹರಣೆಯಾಗಿ ತೋರುತ್ತದೆ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ, 1938ರಲ್ಲಿ, ಅದನ್ನು ನಿಷೇಧಿಸಲಾಯಿತು. ನಿಷೇಧ ತೆರವಾದುದು 1946ರಲ್ಲಿ. ಎರಡೇ ವರ್ಷಗಳಲ್ಲಿ ನಾಡು ಹೊತ್ತಿಕೊಂಡಿತು. ಆದರೆ ಇಂಥ ಹೊಂದಾಣಿಕೆಗೆ ಬೇಗ ಮರುಳಾಗಬಾರದು. 2008ರಲ್ಲಿ ಜೇಮ್ಸ್ ವ್ರೀಲ್ಯಾಂಡ್ ಒಂದು ಕೀಲನ್ನು ಎತ್ತಿ ತೋರಿಸಿದರು: ಯಾವ ಸರಕಾರ 'ನಡುವಿನದು' ಎಂದು ನಿರ್ಧರಿಸಲು ಬಳಸಿದ ಅಳತೆಯಲ್ಲಿಯೇ ರಾಜಕೀಯ ಹಿಂಸೆಯ ಅಂಶವೂ ಸೇರಿಕೊಂಡಿತ್ತು. ಹಿಂಸೆಯನ್ನು ಅಳತೆಯೊಳಗೆ ಮೊದಲೇ ಬೆರೆಸಿ, ಆಮೇಲೆ ಹಿಂಸೆ ಕಂಡಿತೆಂದು ಅಚ್ಚರಿಪಟ್ಟರೆ ಹೇಗೆ!

ನೆರೆಯ ದೇಶದಲ್ಲಿ ಜನಾಧಿಕಾರವಿದ್ದರೆ ಅದು ಪಕ್ಕಕ್ಕೂ ಹಬ್ಬುತ್ತದೆಂಬ ಮಾತನ್ನು ಕ್ರಿಸ್ಟಿಯನ್ ಗ್ಲೆಡಿಚ್, ಮೈಕೆಲ್ ವಾರ್ಡ್ 2006ರಲ್ಲಿ ಅಂಕಿಗಳಿಂದ ನಿಲ್ಲಿಸಿದ್ದಾರೆ. ಮುಂಡರಗಿ, ಗಜೇಂದ್ರಗಡಗಳ ಶಿಬಿರಗಳನ್ನು ಬಲ್ಲವರಿಗೆ ಅದು ಹೊಸತಲ್ಲ. ಹೊಸತೆನಿಸುವುದು ಆಡಂ ಪ್ರೆಜ್ವೋರ್ಸ್ಕಿ ಮತ್ತು ಸಂಗಡಿಗರ ಲೆಕ್ಕ. 1950ರಿಂದ 1990ರವರೆಗೆ ಬಡದೇಶಗಳ ಪ್ರಜಾಪ್ರಭುತ್ವಗಳು ಒಂದಾದಮೇಲೊಂದು ಉರುಳಿದುವು. ಅವರ ಸೂತ್ರದ ಪ್ರಕಾರ ಭಾರತದ್ದೂ ಉರುಳಬೇಕಿತ್ತು. 1951ರಲ್ಲಿ ನೂರಕ್ಕೆ ಹದಿನೆಂಟು ಜನ ಮಾತ್ರ ಓದಬಲ್ಲವರಾಗಿದ್ದ ದೇಶ ಇದು. ಪೋಲೀಸ್ ಕಾರ್ಯಾಚರಣೆಯ ಗಾಯ ಇನ್ನೂ ಹಸಿಯಾಗಿದ್ದ ಹೈದರಾಬಾದ್ ರಾಜ್ಯದ ಹಳ್ಳಿಗಳು ಮೂರೂವರೆ ವರ್ಷಗಳೊಳಗೆ ಮೊದಲನೆಯ ಮಹಾಚುನಾವಣೆಯಲ್ಲಿ ಮತ ಹಾಕಿದುವು. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದುವು.

ಪ್ರಜಾಪ್ರಭುತ್ವ ಬೇರೂರಿತೆಂದು ತಿಳಿಯುವುದೆಂತು? ಸ್ಯಾಮ್ಯುಯೆಲ್ ಹಂಟಿಂಗ್ಟನ್ 1991ರಲ್ಲಿ ಒಂದು ಒರೆಗಲ್ಲನ್ನು ಸೂಚಿಸಿದ್ದರು: ಅಧಿಕಾರದಲ್ಲಿದ್ದವರು ಚುನಾವಣೆಯಲ್ಲಿ ಸೋತು ಇಳಿಯಬೇಕು, ಗೆದ್ದು ಬಂದವರೂ ಮತ್ತೊಮ್ಮೆ ಸೋತು ಇಳಿಯಬೇಕು. ದೇಶಕ್ಕೆಂದು ಮಾಡಿದ ಈ ಪರೀಕ್ಷೆಯನ್ನು ಒಂದು ಊರಿಗೆ ಹಚ್ಚುವುದು ಶಾಸ್ತ್ರಸಮ್ಮತವಲ್ಲ. ಆದರೂ ಸುರಪುರದ ವಿಧಾನಸಭಾ ಕ್ಷೇತ್ರದ ದಾಖಲೆ ಕುತೂಹಲಕರವಾಗಿದೆ. 1858ರ ದೊರೆಯ ರಾಜಮನೆತನದವರೂ ಅವನ ಹೆಸರನ್ನೇ ಹೊತ್ತವರೂ ಆದ ರಾಜಾ ವೆಂಕಟಪ್ಪ ನಾಯಕ ಅವರಿಗೂ, ರಾಜೂಗೌಡರೆಂದು ಖ್ಯಾತರಾದ ನರಸಿಂಹ ನಾಯಕ ಅವರಿಗೂ ವರ್ಷಾನುಗಟ್ಟಲೆ ಪೈಪೋಟಿ. 2013ರಲ್ಲಿ ಶಾಸಕರಾಗಿದ್ದ ನರಸಿಂಹ ನಾಯಕರು ಸೋತರು. 2018ರಲ್ಲಿ ಶಾಸಕರಾಗಿದ್ದ ವೆಂಕಟಪ್ಪ ನಾಯಕರು ಸೋತರು. 2023ರಲ್ಲಿ ಮತ್ತೆ ನರಸಿಂಹ ನಾಯಕರು ಸೋತರು. ಮೂರು ಸಲವೂ ಸೋತವರು ಮುಂದಿನ ಚುನಾವಣೆಗೆ ಅರ್ಜಿ ಹಾಕಲು ಸಿದ್ಧರಾದರೇ ಹೊರತು ಗುಡ್ಡ ಹತ್ತಲಿಲ್ಲ. 2024ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕರು ನಿಧನರಾದರು. ಮೇ 7ರಂದು, ಲೋಕಸಭೆಯ ಮತದಾನದೊಡನೆಯೇ ನಡೆದ ಉಪಚುನಾವಣೆಯಲ್ಲಿ ಅವರ ಮಗ ರಾಜಾ ವೇಣುಗೋಪಾಲ ನಾಯಕರು ಅದೇ ಎದುರಾಳಿಯ ವಿರುದ್ಧ ಸ್ಪರ್ಧಿಸಿ ಗೆದ್ದರು.